ಹುಲ್ಲು ಮುಟ್ಟದ ಮೊಲ

"ಅಕ್ಕಾರ, ಆ ಮೊಲ ಸತ್ರ ನನ್ನ ಖೋಲಿ ಹೋಗ್ತದ್ರಿ."

ಯಂಕಪ್ಪ ಇಷ್ಟು ಹೇಳಿ ಬಾಗಿಲಲ್ಲೇ ನಿಂತ. ಮೈಯಿಂದ ಮಳೆನೀರು ಇಳಿಯುತ್ತಿತ್ತು. ಒಳಗೆ ಬಾ ಎಂದರೆ ನೆಲ ಒದ್ದೆಯಾಗುತ್ತದೆಂದು ತಲೆಯಾಡಿಸಿದ. ರಾಯಚೂರು ಕಡೆಯ ಅವನು ನಮ್ಮ ಎದುರಿನ ಬಿಲ್ಡಿಂಗಿನ ವಾಚ್‌ಮನ್. ಮೆಟ್ಟಿಲ ಕೆಳಗಿನ ಸಣ್ಣ ಖೋಲಿಯಲ್ಲಿ ಹೆಂಡತಿ ಸಾಬವ್ವ, ಮಕ್ಕಳ ಜೊತೆ ಇದ್ದ. ಬಾಡಿಗೆ ಇಲ್ಲ. ಮುಂಬಯಿ ಹತ್ತಿರದ ಈ ಡೊಂಬಿವಲಿಯಲ್ಲಿ ಅಂಥದ್ದು ಕಳೆದುಕೊಂಡರೆ ಮತ್ತೆ ಸಿಕ್ಕುವುದಲ್ಲ. ಇದು ತೊಂಬತ್ತಾರರ ಮಳೆಗಾಲದ ಮಾತು.

ವಿನೋದಕ್ಕ ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟರು. "ಮೊಲ ಯಾರದ್ದು, ಖೋಲಿ ಯಾಕೆ ಹೋಗುವುದು, ನಿಧಾನ ಹೇಳು ಮಾರಾಯ."

ವಿನೋದಕ್ಕನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬಹಳ ವರ್ಷ ಅವರು ಸ್ಟೇಷನ್ನಿನ ಹತ್ತಿರ ಮೆಸ್ ನಡೆಸಿದವರು. ಊರಿಂದ ಬಂದು ಆಫೀಸು, ಹೋಟೆಲು ಸೇರಿದ ಗಂಡಸರೆಲ್ಲ ಅಲ್ಲಿ ಊಟಕ್ಕೆ ಬರುತ್ತಿದ್ದರು. ಬಡಿಸುವುದೂ ತಟ್ಟೆ ಎತ್ತುವುದೂ ನನ್ನ ಕೆಲಸ. ನಾನು ಎತ್ತಿ ತಂದ ತಟ್ಟೆಯಲ್ಲಿ ಏನು ಉಳಿದಿದೆ ಎಂದು ನೋಡಿ ಆ ಮನುಷ್ಯನ ಒಳಗೆ ಏನು ನಡೆದಿದೆ ಎಂದು ಅವರು ಹೇಳುತ್ತಿದ್ದರು. ಒಮ್ಮೆ ಒಬ್ಬನ ಪೆಟ್ಟಿಗೆಯಿಂದ ಚೈನು ಕಳವಾದಾಗ, ದಿನಾ ಹಪ್ಪಳಕ್ಕೆ ಜಗಳವಾಡುತ್ತಿದ್ದವನು ಅಂದು ಹಪ್ಪಳ ಮುಟ್ಟದೆ ಎದ್ದ. ವಿನೋದಕ್ಕ ಅವನನ್ನೇ ಹಿಡಿದರು. ಮೆಸ್ ಮುಚ್ಚಿದ ಮೇಲೂ ಜನ ಬರುವುದು ನಿಲ್ಲಲಿಲ್ಲ. ಊಟದ ಬದಲು ಕಷ್ಟ ಹಿಡಿದುಕೊಂಡು ಬಂದರು.

ಯಂಕಪ್ಪ ಹೇಳಿದ್ದು ಇಷ್ಟು. ಮೂರನೆಯ ಮಾಳಿಗೆಯಲ್ಲಿ ಸಂಕರ್ಷಣ ರಾಯರ ಮಗಳು ಜ್ಯೋತಿ ಒಂದು ಬಿಳಿ ಮೊಲ ಸಾಕಿದ್ದಳು. ಅದರ ಹೆಸರು ಹತ್ತಿ. ಚಳಿಗಾಲದಲ್ಲಿ ತಂದ ಮರಿ. ಅಂದಿನಿಂದ ಯಂಕಪ್ಪ ದಿನಾ ಬೆಳಿಗ್ಗೆ ಕೋಪರ್ ಸ್ಟೇಷನ್ ಕಡೆಯ ರೈಲುಹಳಿ ಬದಿಯಿಂದ ಒಂದು ಕಟ್ಟು ಹುಲ್ಲು ಕೊಯ್ದು ಅವರ ಬಾಗಿಲಲ್ಲಿ ಇಟ್ಟು ಬರುತ್ತಿದ್ದ. ನಿನ್ನೆಯಿಂದ ಮೊಲ ತಿನ್ನುವುದು ಬಿಟ್ಟಿದೆ. ಹಿಕ್ಕೆಯೂ ಹಾಕುತ್ತಿಲ್ಲ. ಯಂಕಪ್ಪ ಕಾಂಪೌಂಡಿನಲ್ಲಿ ಇಟ್ಟ ಇಲಿಪಾಷಾಣ ಹುಲ್ಲಿಗೆ ತಗಲಿದೆ ಎಂದು ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಧರ್ಮಪಾಲರು ತೀರ್ಮಾನಿಸಿದ್ದರು.

"ಇವತ್ತ ಮೊಲ, ನಾಳೆ ನಮ್ಮ ಮಕ್ಕಳು ಅಂದ್ರು. ಅದು ಸತ್ರ ಅವತ್ತಽ ಗಂಟು ಕಟ್ಟು ಅಂದ್ರು. ಪಾಷಾಣ ಇಡು ಅಂದಾವ್ರೂ ಅವ್ರಽ ಅಕ್ಕಾರ."

"ಹುಲ್ಲು ಕಾಂಪೌಂಡಿನದ್ದಾ?"

"ಕಾಂಪೌಂಡಿನ್ಯಾಗ ಎಲ್ಲಿ ಹುಲ್ಲ ಅದ? ಎಲ್ಲಾ ಸಿಮಿಟು."

ವಿನೋದಕ್ಕ ಕೊಡೆ ತೆಗೆದುಕೊಂಡರು. "ಬನ್ನಿ ದೇಜಪ್ಪಣ್ಣ," ಎಂದು ನನ್ನನ್ನು ಕರೆದರು.

ಸಂಕರ್ಷಣ ರಾಯರು ರಜೆ ಹಾಕಿ ಮನೆಯಲ್ಲೇ ಇದ್ದರು. ಬೆಳಿಗ್ಗೆ ಮೊಲವನ್ನು ಬುಟ್ಟಿಯಲ್ಲಿಟ್ಟು ಲೋಕಲ್‌ನಲ್ಲಿ ಥಾಣೆಗೆ ಒಯ್ದು ಬಂದಿದ್ದರಂತೆ. "ಡಾಕ್ಟರು ಹೇಳಿದ್ರು, ವಿಷವಾದರೆ ಒಂದು ಮದ್ದು, ಹೊಟ್ಟೆಯ ಓಟ, ಅಂದರೆ ಕರುಳಿನ ಚಲನೆ, ನಿಂತದ್ದಾದರೆ ಬೇರೆ ಮದ್ದು. ತಪ್ಪಿದರೆ ಉಳಿಯುವುದಿಲ್ಲ. ಏನು ತಿಂದಿದೆ ಅಂತ ಸರಿಯಾಗಿ ತಿಳಿದು ಸಂಜೆಯೊಳಗೆ ಫೋನ್ ಮಾಡಿ ಅಂದ್ರು. ನಾವು ಹುಲ್ಲು ಅಂದೆವು. ಹುಲ್ಲು ಒಂದರಿಂದಲೇ ಹೀಗೆ ಆಗಲಿಕ್ಕಿಲ್ಲ ಅಂದ್ರು. ಮತ್ತೆ ಪಾಷಾಣವೇ ಅಲ್ವಾ?"

ಜ್ಯೋತಿ ಶಾಲೆಯ ಯೂನಿಫಾರ್ಮಿನಲ್ಲೇ ನೆಲದ ಮೇಲೆ ಕೂತಿದ್ದಳು. ಶಾಲೆಗೆ ಹೋಗಿರಲಿಲ್ಲ. ಮಡಿಲಲ್ಲಿ ಮೊಲ ಬೆನ್ನು ಗೂನು ಮಾಡಿ, ಕಣ್ಣು ಅರೆ ಮುಚ್ಚಿ, ಉಂಡೆಯಾಗಿ ಬಿದ್ದಿತ್ತು. ಹಲ್ಲು ಕಡಿಯುವ ಸಣ್ಣ ಸದ್ದು ಮಾತ್ರ ಬರುತ್ತಿತ್ತು. ನೋವಿನ ಸದ್ದು ಅದು. ಅವಳು ಕೊಟ್ಟ ಬಿಸ್ಕೀಟಿನ ಚೂರನ್ನು ಅದು ಮೂಸಿಯೂ ನೋಡಲಿಲ್ಲ.

"ಆಂಟಿ, ಯೇ ಮರೇಗಾ ಕ್ಯಾ?" ಇದು ಸಾಯುತ್ತದಾ ಎಂದು ಕೇಳಿದಳು. ಆ ಹುಡುಗಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದುದು ಹಿಂದಿ.

ವಿನೋದಕ್ಕ ಇಲ್ಲ ಎನ್ನಲಿಲ್ಲ. ಸುಳ್ಳು ಸಮಾಧಾನ ಅವರ ಬಾಯಿಂದ ಬರುವುದಿಲ್ಲ. "ನಿನಗೆ ಗೊತ್ತಿರುವುದನ್ನು ಹೇಳು. ಅದಕ್ಕೆ ಊಟ ಹಾಕುವುದು ಯಾರು?"

"ಮಮ್ಮಿ ದೇತೀ ಥೀ. ಅಭೀ ಅಜ್ಜಿ."

ಮೊದಲು ಹಾಕುತ್ತಿದ್ದ ತಾಯಿ ಹೆರಿಗೆಗೆಂದು ಉಡುಪಿಯ ತವರಿಗೆ ಹೋಗಿದ್ದಳು. ಮನೆ ನೋಡಿಕೊಳ್ಳಲು ಸಂಕರ್ಷಣರ ತಾಯಿ ವಿಮಲಮ್ಮ ಊರಿಂದ ಬಂದು ಒಂದು ತಿಂಗಳಾಗುತ್ತಾ ಬಂದಿತ್ತು. ಮಡಿಸೀರೆ ಉಟ್ಟ ಸಣ್ಣ ಜೀವ. ಬಂದವರನ್ನು ಬರಿಗೈಯಲ್ಲಿ ಕಳಿಸುವವರಲ್ಲ. ಅಷ್ಟು ಗಾಬರಿಯಲ್ಲೂ ನಮಗೆ ಉಪ್ಪಿಟ್ಟು ತಂದಿಟ್ಟರು.

"ಹುಲ್ಲು ನಾನೇ ಕೊಡುವುದು," ಎಂದರು ವಿಮಲಮ್ಮ. "ಹುಡುಗಿ ಶಾಲೆಗೆ ಹೋದ ಮೇಲೆ. ಎಲ್ಲ ಖಾಲಿ ಮಾಡ್ತದೆ. ಹೊಟ್ಟೆಗೆ ಎಂತ ಕಡಿಮೆ ಮಾಡಲಿಲ್ಲ ನಾನು." ಹೇಳುವಾಗ ಜ್ಯೋತಿಯನ್ನು ನೋಡಲಿಲ್ಲ.

ಉಪ್ಪಿಟ್ಟಿನಲ್ಲಿ ಕಾಳುಮೆಣಸು, ಜೀರಿಗೆ ಇತ್ತು. ಕರಿಬೇವಿಲ್ಲ, ಹಸಿಮೆಣಸಿಲ್ಲ, ಕೊತ್ತಂಬರಿಯಿಲ್ಲ. ಬೋಳು ಬೋಳಾಗಿತ್ತು. ಮುದುಕಿಗೆ ಪಾಪ, ಈ ಗಡಿಬಿಡಿಯಲ್ಲಿ ಮರೆತುಹೋಗಿರಬೇಕು ಎಂದುಕೊಂಡೆ. ವಿನೋದಕ್ಕ ಒಂದು ತುತ್ತು ಬಾಯಿಗಿಟ್ಟು, ಅಗಿಯುವುದನ್ನು ನಿಲ್ಲಿಸಿ, ಮತ್ತೆ ಅಗಿದರು.

ಮೊಲದ ಗೂಡು ಅಡಿಗೆಮನೆಯಲ್ಲಿ, ಒಲೆಯ ಕಟ್ಟೆಯ ಕೆಳಗಿತ್ತು. ವಿನೋದಕ್ಕ ಮೊಣಕಾಲೂರಿ ಒಳಗೆಲ್ಲ ಬೆರಳಾಡಿಸಿದರು. ತಳದ ಪೇಪರಿನ ಮೇಲೆ ಎಳ್ಳಿಗಿಂತ ತುಸು ದೊಡ್ಡ ಕೆಲವು ಹಿಕ್ಕೆ, ಒಣಗಿ ಕಲ್ಲಾಗಿದ್ದವು. ಮೂಲೆಯಲ್ಲಿ ಒದ್ದೆಯಾಗಿ ಅಂಟಿದ ಅವಲಕ್ಕಿ, ನಾಲ್ಕು ಗೋಧಿಕಾಳು. ಬೇರೇನೂ ಇಲ್ಲ. ತರಕಾರಿ ಬುಟ್ಟಿ ತೊಳೆದು ಕವುಚಿಟ್ಟಿತ್ತು.

ಹೊರಡುವಾಗ ಬಾಗಿಲ ಹೊರಗಿನ ಕಬ್ಬಿಣದ ಜಾಲರಿಯ ಚಿಲಕಕ್ಕೆ ಸುತ್ತಿದ್ದ ಸೆಣಬಿನ ಹುರಿಗಳನ್ನು ಅವರು ಮುಟ್ಟಿ ನೋಡಿದರು. ಹಸಿರು ಹತ್ತಿದ ಹುರಿ. ಯಂಕಪ್ಪ ಹುಲ್ಲಿಗೆ ಕಟ್ಟುತ್ತಿದ್ದದ್ದು ಅದೇ. ಹೊಸದು ಇನ್ನೂ ಒದ್ದೆಯಿತ್ತು.

ಕೆಳಗೆ ಧರ್ಮಪಾಲರು ಸಿಕ್ಕಿದರು. ಪಂಪಿನ ಸ್ವಿಚ್ಚಿನ ಬಳಿ ಕೈಕಟ್ಟಿ ನಿಂತಿದ್ದರು.

"ಏನು ವಿನೋದಕ್ಕ, ಈಗ ಮೊಲದ ಕೇಸಾ? ಬೆಕ್ಕಿನದ್ದು ಬಂದ್ರೆ ನನ್ನನ್ನೂ ಕರೀರಿ."

"ನಿಮ್ಮನ್ನು ಇಲಿಯ ಕೇಸಿಗೆ ಕರೆಯುತ್ತೇನೆ. ಪಾಷಾಣ ಎಲ್ಲಿಟ್ಟಿದೆ ತೋರಿಸಿ."

ಗಟಾರದ ಪಕ್ಕ, ಹೆಂಚಿನ ಮರೆಯಲ್ಲಿ ಇಟ್ಟ ಉಂಡೆಗಳು ಇಟ್ಟ ಹಾಗೇ ಇದ್ದವು. ಒಂದಕ್ಕೂ ಹಲ್ಲು ತಾಗಿರಲಿಲ್ಲ. ಸುತ್ತ ಸಿಮೆಂಟು.

"ಇಲಿಗಳೂ ನಿಮ್ಮ ಸೊಸೈಟಿಯ ಮಾತು ಕೇಳುವುದಿಲ್ಲ," ಎಂದರು ವಿನೋದಕ್ಕ.

"ಜೋಕ್ ಬಿಡಿ. ಸಣ್ಣ ಮಕ್ಕಳು ಆಡುವ ಜಾಗ. ಏನಾದ್ರೂ ಆದ್ರೆ ಎಲ್ಲರೂ ನನ್ನ ಕಾಲರ್ ಹಿಡೀತಾರೆ. ರೂಲ್ ಅಂದ್ರೆ ರೂಲ್."

ಮೆಟ್ಟಿಲ ಕೆಳಗೆ ಸಾಬವ್ವ ಆಗಲೇ ಪಾತ್ರೆಗಳನ್ನು ಸೀರೆಯಲ್ಲಿ ಕಟ್ಟುತ್ತಿದ್ದಳು. ಅಳು ಮುಗಿದ ಮುಖ. ವಿನೋದಕ್ಕ ಅವಳ ಪಕ್ಕ ಕೂತು ಕೇಳಿದರು, "ಮೇಲಿನ ಅಜ್ಜಿ ಎಲ್ಲಿಗಾದರೂ ಹೋಗುತ್ತಾರಾ?"

"ಮುಂಜಾನೆ ಗುಡಿಗೆ ಹೊಕ್ಕಾರ್ರಿ, ಹುಡುಗಿ ಸಾಲಿಗೆ ಹೋದ ಮ್ಯಾಲ. ಹೆಗಲಿಗೆ ದೊಡ್ಡ ಚೀಲ. ಹೋಗೂವಾಗ ಉಬ್ಬಿರ್ತದ, ಬರೂವಾಗ ಬರಿದು. ದೇವರಿಗೆ ಭಾಳ ಹೂ ಒಯ್ತಾರ ಅಂತ ನಾವು ಅನ್ಕೊಂಡೀವಿ."

ಗುಡಿ ಎರಡು ಗಲ್ಲಿ ಆಚೆ. ಅದರ ಮುಂದೆ ಒಬ್ಬ ಹೆಂಗಸು ಒಂದು ಹಸು ಕಟ್ಟಿಕೊಂಡು ಹುಲ್ಲಿನ ಸಣ್ಣ ಸೂಡಿ ಮಾರುತ್ತಾಳೆ. ಜನ ಅವಳಿಂದ ಕೊಂಡು ಅವಳ ಹಸುವಿಗೇ ತಿನ್ನಿಸಿ ಪುಣ್ಯ ಕಟ್ಟಿಕೊಳ್ಳುತ್ತಾರೆ. ವಿನೋದಕ್ಕ ಒಂದು ಸೂಡಿ ಕೊಂಡು, ಮಡಿಸೀರೆಯ ಅಜ್ಜಿಯ ಗುರುತು ಹೇಳಿ ಕೇಳಿದರು.

"ವೋ ಆಜಿ?" ಹೆಂಗಸು ಮೂಗು ಮುರಿದಳು. "ಘರ್ ಸೇ ಲಾತೀ ಹೈ. ಮೇರಾ ಘಾಸ್ ಲೇತೀಚ್ ನಹೀ. ಆಜ್ ಭೀ ಲಾಯೀ." ಅಜ್ಜಿ ಇವಳ ಹುಲ್ಲು ಕೊಳ್ಳುವುದೇ ಇಲ್ಲವಂತೆ, ಮನೆಯಿಂದಲೇ ತರುತ್ತಾರಂತೆ, ಇವತ್ತೂ ತಂದಿದ್ದರಂತೆ.

ಹಸು ಮಿರಮಿರ ಮಿಂಚುತ್ತಾ ಮೆಲುಕು ಹಾಕುತ್ತಿತ್ತು. ವಿನೋದಕ್ಕ ಅದರ ಗಂಗೆದೊಗಲು ಸವರಿದರು. ಮುಖದಲ್ಲಿ ಸಂತೋಷವಿರಲಿಲ್ಲ. "ದೇಜಪ್ಪಣ್ಣ, ಕಳ್ಳ ಸಿಕ್ಕಿದರೆ ಹಗುರ ಆಗ್ತದೆ. ಇಲ್ಲಿ ಕಳ್ಳ ಇಲ್ಲ. ಭಾರ ಆಗುವುದು ಅದೇ."

ಎಸ್‌ಟಿಡಿ ಬೂತಿನಿಂದ ಅವರು ಥಾಣೆಯ ಡಾಕ್ಟರಿಗೆ ಫೋನ್ ಮಾಡಿದರು. ಗಾಜಿನ ಹೊರಗೆ ನಿಂತ ನನಗೆ ಮಾತು ಕೇಳಿಸಲಿಲ್ಲ. ಹೊರಬಂದವರೇ ಔಷಧದಂಗಡಿಗೆ ನಡೆದರು. ಆಮೇಲೆ ಯಂಕಪ್ಪನನ್ನು ಹಳಿ ಬದಿಗೆ ಕಳಿಸಿದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಸಂಕರ್ಷಣ ರಾಯರ ಹಾಲಿನಲ್ಲಿ ಸೇರಿದೆವು. ಧರ್ಮಪಾಲರು ಕುರ್ಚಿಯಲ್ಲಿ. ಯಂಕಪ್ಪ ಹುಲ್ಲಿನ ಕಟ್ಟು ಹಿಡಿದು ಹೊಸ್ತಿಲ ಆಚೆ. ಮೊಲ ಈಗ ತಲೆಯನ್ನೂ ಎತ್ತುತ್ತಿರಲಿಲ್ಲ. ವಿನೋದಕ್ಕ ಮೊದಲು ಸಂಕರ್ಷಣರ ಕೈಗೆ ಮದ್ದು, ಹನಿ ಹಾಕುವ ನಳಿಕೆ ಕೊಟ್ಟರು.

"ಬೆಚ್ಚಗಿನ ನೀರಿನ ಜೊತೆ ಸ್ವಲ್ಪ ಸ್ವಲ್ಪ ಹಾಕಿ. ಜ್ಯೋತಿ, ನೀನು ಅದರ ಹೊಟ್ಟೆ ಮೆಲ್ಲಗೆ ನೀವುತ್ತಾ ಇರು. ಇದು ವಿಷವಲ್ಲ. ಹೊಟ್ಟೆಯ ಓಟ ನಿಂತಿದೆ."

"ಅದು ಹೇಗೆ ಹೇಳ್ತೀರಿ?" ಧರ್ಮಪಾಲರು ಕೇಳಿದರು.

"ಪಾಷಾಣ ಯಾವ ಬಾಯಿಯೂ ಮುಟ್ಟದೆ ಬಿದ್ದಿದೆ, ನೀವೇ ನೋಡಿದಿರಿ. ಇನ್ನು ಹುಲ್ಲು. ಅದೇ ಹುಲ್ಲನ್ನು ಗುಡಿಯ ಮುಂದಿನ ಹಸು ದಿನಾ ತಿಂದಿದೆ, ಇವತ್ತೂ ತಿಂದಿದೆ. ಚೆನ್ನಾಗಿದೆ."

"ಯಂಕಪ್ಪನ ಹುಲ್ಲು ಹಸುವಿಗೆ ಹೇಗೆ ಹೋಗ್ತದೆ?"

ವಿನೋದಕ್ಕ ಅಡಿಗೆಮನೆಯ ಕಡೆ ಕೈ ತೋರಿಸಿದರು. "ಗೂಡಿನಲ್ಲಿ ನಾನು ಹುಡುಕಿದ್ದು ಹುಲ್ಲಿನ ಒಂದು ದಂಟು. ಎಷ್ಟು ಹಸಿದ ಮೊಲವಾದರೂ ಬಲಿತ ದಂಟು ಒಂದೆರಡು ಬಿಡ್ತದೆ. ಒಂದೂ ಇರಲಿಲ್ಲ. ಇದ್ದದ್ದು ಅವಲಕ್ಕಿ, ಗೋಧಿ. ಬಾಗಿಲ ಹೊರಗೆ ಮಾತ್ರ ಹುಲ್ಲಿನ ಹುರಿ ಇತ್ತು. ಅಂದರೆ ಹುಲ್ಲು ಬಾಗಿಲವರೆಗೆ ಬಂದಿದೆ, ಹೊರಗೇ ಬಿಚ್ಚಿದ್ದಾರೆ, ಒಳಗೆ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಉಪ್ಪಿಟ್ಟು ಹೇಳಿತು. ನನ್ನ ಮೆಸ್ಸಿನಲ್ಲಿ ಮಾಧ್ವರ ಹುಡುಗರು ಇದ್ದರು. ಚಾತುರ್ಮಾಸ್ಯದ ಮೊದಲ ತಿಂಗಳು ಬಂತೆಂದರೆ ತರಕಾರಿ, ಸೊಪ್ಪು, ಕರಿಬೇವಿನ ಎಲೆಯನ್ನೂ ತಟ್ಟೆಯ ಅಂಚಿಗೆ ತಳ್ಳುತ್ತಿದ್ದರು. ಶಾಕವ್ರತ. ಈ ಮನೆಯಲ್ಲಿ ಈಗ ಅದೇ ತಿಂಗಳು."

ಎಲ್ಲರ ಕಣ್ಣೂ ವಿಮಲಮ್ಮನ ಕಡೆ ತಿರುಗಿತು. ಅವರು ಗೋಡೆಗೆ ಒರಗಿ ನಿಂತಿದ್ದರು.

"ಸೊಸೆಗೆ ಎರಡು ಸಲ ಬಸಿರು ಉಳಿಯಲಿಲ್ಲ," ಎಂದರು. ಸ್ವರ ಗಟ್ಟಿಯಿರಲಿಲ್ಲ. "ಈ ಸಲ ತಿಂಗಳು ಪೂರ್ತಿ ಒಂದು ಎಲೆಯೂ ಅಡಿಗೆಮನೆಗೆ ಬಾರದ ಹಾಗೆ ನೋಡ್ಕೊಳ್ತೇನೆ ಅಂತ ದೇವರಿಗೆ ಹೇಳಿದ್ದೆ. ಗೂಡು ಇರುವುದು ಒಲೆಯ ಬುಡದಲ್ಲಿ. ಹುಲ್ಲನ್ನು ಬಿಸಾಡಲಿಕ್ಕೆ ಮನಸ್ಸಾಗಲಿಲ್ಲ, ಹಸುವಿಗೆ ಕೊಟ್ಟೆ. ಇದಕ್ಕೆ ಅವಲಕ್ಕಿ ಹಾಕಿದೆ. ಆಸೆಯಿಂದ ತಿಂದಿತು. ಒಂದು ತಿಂಗಳು ಸೊಪ್ಪಿಲ್ಲದಿದ್ದರೆ ನಾವು ಸಾಯ್ತೇವಾ, ಇದೂ ಸಾಯುವುದಿಲ್ಲ ಅಂದುಕೊಂಡೆ."

"ನಮಗೆ ಅನ್ನ ಸಾಕು, ಅಮ್ಮ. ಮೊಲಕ್ಕೆ ಹುಲ್ಲಿನ ನಾರು ಹೋದರೇ ಹೊಟ್ಟೆ ಓಡುವುದಂತೆ. ಬರೀ ಅವಲಕ್ಕಿಗೆ ದಿನ ದಿನವೂ ನಿಧಾನ ಆಗಿ ನಿಂತುಬಿಟ್ಟಿದೆ. ಡಾಕ್ಟರು ಹೇಳಿದ್ದು," ಎಂದರು ವಿನೋದಕ್ಕ.

"ಅಮ್ಮ, ಯಂಕಪ್ಪನನ್ನು ಬೈಯುವಾಗ ನೀವು ಅಲ್ಲೇ ಇದ್ರಿ," ಎಂದರು ಸಂಕರ್ಷಣರು.

"ಇದ್ದೆ. ಬಾಯಿವರೆಗೆ ಬಂತು. ಎಲ್ಲ ತಿಂದಿತು ಅಂತ ದಿನಾ ಈ ಹುಡುಗಿಗೆ ಹೇಳಿದ್ದೆನಲ್ಲ. ಸುಳ್ಳು ಅಂತ ಗೊತ್ತಾದರೆ ಇವಳು ನನ್ನ ಕೈಯ ಅನ್ನ ಮುಟ್ಟುವುದಿಲ್ಲ ಅಂತ ಹೆದರಿದೆ."

ಜ್ಯೋತಿ ತಲೆ ಎತ್ತಲಿಲ್ಲ. ಅವಳ ಬೆರಳು ಮೊಲದ ಹೊಟ್ಟೆಯ ಮೇಲೆ ಸುತ್ತುತ್ತಲೇ ಇತ್ತು. ಬೈದಿದ್ದರೆ ಮುದುಕಿಗೆ ಹಗುರವಾಗುತ್ತಿತ್ತೋ ಏನೋ.

ಧರ್ಮಪಾಲರು ಕೆಮ್ಮಿದರು. "ಆದರೂ ಕಮಿಟಿಗೆ ನಾನು ಹೇಳಿಬಿಟ್ಟಿದ್ದೇನೆ, ಮೊಲ ಸತ್ತರೆ..."

"ಸತ್ತರೂ ಉಳಿದರೂ ಅವನ ಖೋಲಿ ಮುಟ್ಟುವ ಹಾಗಿಲ್ಲ," ಎಂದರು ಸಂಕರ್ಷಣರು. "ಕಮಿಟಿಗೆ ನಾನೇ ಬಂದು ಹೇಳ್ತೇನೆ, ನಮ್ಮ ಮನೆಯ ತಪ್ಪು ಅಂತ."

ಯಂಕಪ್ಪ ಹೊರಟುಹೋಗಬಹುದಿತ್ತು. ಹೋಗಲಿಲ್ಲ. "ಈಗ ತಿಂತದೇನ್ರಿ ಅದು?" ಎಂದು ಹೊಸ್ತಿಲಿಂದಲೇ ಕೇಳಿದ.

ವಿಮಲಮ್ಮ ಅವನ ಹತ್ತಿರ ನಡೆದರು. "ನಿನ್ನ ಹೆಂಡತಿ ಪಾತ್ರೆ ಕಟ್ಟುವುದನ್ನು ನಾನು ನೋಡಿದ್ದೆ ಯಂಕಪ್ಪ. ನೋಡಿಯೂ ಮೇಲೆ ಬಂದೆ." ಅವರು ದಾರಿ ಬಿಟ್ಟು ನಿಂತರು. "ಹುಲ್ಲು ಒಳಗೆ ತಾ."

"ನಿಮ್ಮ ವ್ರತ, ಅವ್ವಾರ?"

"ಅದನ್ನು ನಾನು ದೇವರ ಹತ್ತಿರ ಮಾತಾಡಿಕೊಳ್ತೇನೆ. ನೀನು ಬಾ."

ಅವನು ಕಾಲು ಒರೆಸಿ ಒಳಗೆ ಬಂದ. ಮೊಲದ ಮುಂದೆ ಕುಕ್ಕರಗಾಲಲ್ಲಿ ಕೂತು, ಕಟ್ಟಿನಿಂದ ಎಳೆಯದೊಂದು ಗರಿಕೆ ಆರಿಸಿ ಹಿಡಿದ. ಮೊಲ ನೋಡಲಿಲ್ಲ. ಸಂಕರ್ಷಣರು ಮತ್ತೆ ನೀರಿನ ಹನಿ ಹಾಕಿದರು. ಜ್ಯೋತಿ ನೀವಿದಳು. ನಾನು ನೀರು ಬಿಸಿ ಮಾಡಿ ತಂದೆ, ಅದು ಆರಿತು, ಮತ್ತೆ ಬಿಸಿ ಮಾಡಿದೆ. ಯಂಕಪ್ಪ ಗರಿಕೆ ಹಿಡಿದ ಕೈಯನ್ನು ಇಳಿಸಲಿಲ್ಲ. ವಿಮಲಮ್ಮ ಮೊಮ್ಮಗಳಿಂದ ಮಾರುದೂರ ಕೂತಿದ್ದರು, ಹತ್ತಿರ ಬರುವ ಧೈರ್ಯವಿರಲಿಲ್ಲ. ಜ್ಯೋತಿ ತನ್ನ ಸೋತ ಕೈಯನ್ನು ತೆಗೆದು, ಅಜ್ಜಿಯ ಕೈ ಹಿಡಿದೆಳೆದು ಮೊಲದ ಹೊಟ್ಟೆಯ ಮೇಲಿಟ್ಟಳು.

ತುಂಬ ಹೊತ್ತಿನ ಮೇಲೆ ಮೊಲದ ಮೂಗು ಅಲುಗಿತು. ನಿಂತಿತು. ಮತ್ತೆ ಅಲುಗಿತು. ಗರಿಕೆಯ ತುದಿಯನ್ನು ತುಟಿಗೆ ತೆಗೆದುಕೊಂಡು ಹಾಗೇ ಇಟ್ಟುಕೊಂಡಿತು. ಆಮೇಲೆ ಎಲೆ ಯಂಕಪ್ಪನ ಬೆರಳಿನ ಕಡೆಗೆ ಸ್ವಲ್ಪ ಸ್ವಲ್ಪವೇ ಗಿಡ್ಡವಾಗುತ್ತಾ ಬಂತು.

ಧರ್ಮಪಾಲರು ಕುರ್ಚಿಯಿಂದ ಮುಂದೆ ಬಗ್ಗಿದರು. "ನೋಡು ಯಂಕಪ್ಪ, ನಾನು ಹೇಳಿದ್ದು ಏನಂದ್ರೆ, ರೂಲ್ ಪ್ರಕಾರ..."

"ಸುಮ್ಮನಿರಿ ಮಾರಾಯ್ರೆ," ಎಂದರು ವಿಮಲಮ್ಮ. "ಅದು ಊಟ ಮಾಡ್ತಾ ಉಂಟು."