ಎರಡನೆಯ ಸಹಿ

ಶನಿವಾರ ಬೆಳಿಗ್ಗೆ ಕಳೆ ಕೀಳಲು ಹೋಗಿದ್ದ ಭದ್ರಮ್ಮನ ಕೈಗೆ ರಾಗಿ ಪೈರಿನ ನಡುವೆ ಒಂದು ಬೋಲ್ಟು ಸಿಕ್ಕಿತು. ಕಿರುಬೆರಳಿನಷ್ಟು ಉದ್ದ. ಗಾಡಿಯದಲ್ಲ, ಪಂಪ್‌ಸೆಟ್ಟಿನದೂ ಅಲ್ಲ. ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, ಎರಡು ಫರ್ಲಾಂಗು ಆಚೆ ಪೊಲೀಸರು ನಿಂತಿದ್ದ ಕಡೆಗೆ ನಡೆದಳು.

ಅಲ್ಲಿ ಬಿದ್ದಿತ್ತು ವಿಮಾನ.

ಅದು ಬಿದ್ದದ್ದು ಹಿಂದಿನ ದಿನ, 1971ರ ಆಗಸ್ಟ್ ತಿಂಗಳ ಮೊದಲ ಶುಕ್ರವಾರ. ಪಿರಿಯಾಪಟ್ಟಣದ ಸುತ್ತಿನ ಹೊಗೆಸೊಪ್ಪಿನ ಹೊಲಗಳಿಗೆ ಮದ್ದು ಸಿಂಪಡಿಸುತ್ತಿದ್ದ ಆ ಪುಟ್ಟ ವಿಮಾನ ಇದ್ದಕ್ಕಿದ್ದಂತೆ ಮೂಗು ಕೆಳಗಾಗಿ ನೆಲಕ್ಕೆ ಅಪ್ಪಳಿಸಿತ್ತು. ಪೈಲಟ್ ಮಾದೇವ ಸಾಲಿಗ್ರಾಮದವನು, ಮೂವತ್ತೆರಡರ ಪ್ರಾಯ. ಸ್ಥಳದಲ್ಲೇ ಸತ್ತಿದ್ದ.

ಬೆಂಗಳೂರಿನಿಂದ ಜೀಪಿನಲ್ಲಿ ಬಂದಿಳಿದವರು ವಿಮಾನಯಾನ ಇಲಾಖೆಯ ತನಿಖಾಧಿಕಾರಿ ಸಿದ್ದಮಲ್ಲಪ್ಪ. ಅವರು ಭದ್ರಮ್ಮ ತಂದ ಬೋಲ್ಟನ್ನು ಭೂತಗನ್ನಡಿಯಲ್ಲಿ ನೋಡಿದರು. ನಟ್ ಇಲ್ಲ. ತುದಿಯಲ್ಲಿ ಒಂದು ಸಣ್ಣ ತೂತು. ತೂತಿನ ಒಳಗೆ ಏನೋ ಮೆತ್ತಿಕೊಂಡಿತ್ತು. ಒರೆಸಲಿಲ್ಲ. ಕಾಗದದಲ್ಲಿ ಸುತ್ತಿ ಜೇಬಿಗಿಳಿಸಿದರು.

“ಇದು ಬಾಲದ ಬೋಲ್ಟ್ ಅಲ್ಲವಾ?”

“ಹೌದು ಸಾರ್,” ಎಂದ ನಂಜಣ್ಣ. ವಿಮಾನದ ಕಂಪನಿಯ ಎಂಜಿನಿಯರ್, ಇಪ್ಪತ್ತು ವರ್ಷದ ಅನುಭವಿ. ಕಣ್ಣು ಊದಿಕೊಂಡಿದ್ದವು. “ಪೈಲಟ್ ಕೈಯ ಹಿಡಿಗೂ ಬಾಲದ ಹಲಗೆಗೂ ಸಂಬಂಧ ಇಡೋದು ಇದೇ. ಇದು ಕಳಚಿದರೆ ಮೂಗು ಮೇಲೆತ್ತೋಕಾಗಲ್ಲ.”

“ತಾನಾಗಿ ಕಳಚುತ್ತದಾ?”

“ಹೇಗೆ ಸಾರ್? ನಟ್ ತಿರುಗದ ಹಾಗೆ ಈ ತೂತಿನಲ್ಲಿ ಸ್ಪ್ಲಿಟ್ ಪಿನ್ ಇರುತ್ತೆ. ಭಾನುವಾರ ಹೊಸ ಬೋಲ್ಟ್ ಹಾಕಿದವನು ನಾನು. ಪಿನ್ನೂ ಹಾಕಿದ್ದೆ. ಯಾರೋ ಕಿತ್ತಿದ್ದಾರೆ.”

“ಯಾರು?”

ಉತ್ತರ ಕೊಟ್ಟವರು ಸಬ್‌ಇನ್ಸ್‌ಪೆಕ್ಟರ್. “ಹಿಡಿದಿದ್ದೀವಿ ಸಾರ್. ಗುಂಡ ಅಂತ. ವೀರನಹೊಸಹಳ್ಳಿ ಕಡೆ ಕಾಡಿನ ಹಾಡಿಯವನು, ಜೇನು ಕೀಳೋನು. ಮದ್ದು ಬಿದ್ದು ಹುಳ ಸತ್ತವು ಅಂತ ಸಿಟ್ಟು. ಶುಕ್ರವಾರ ಬೆಳಿಗ್ಗೆ ವಿಮಾನದ ಬಾಲದ ಹತ್ತಿರ ನಿಂತಿದ್ದ. ‘ಬೀಳ್ತದೆ’ ಅಂತ ಕೂಗಿದನಂತೆ. ಅರ್ಧ ಗಂಟೆಯಲ್ಲಿ ಬಿತ್ತು. ಇನ್ನೇನು ಬೇಕು?”

ಸಿದ್ದಮಲ್ಲಪ್ಪ ಜೀಪು ಹತ್ತಿದರು.

ವಿಮಾನ ಇಳಿಯುತ್ತಿದ್ದ ಬಯಲಿನಲ್ಲಿ ತಗಡಿನ ಶೆಡ್ಡು. ಕಾವಲುಗಾರ ಕುಳ್ಳಯ್ಯ ಕೈಕಟ್ಟಿ ನಿಂತ.

“ಗುಂಡನನ್ನ ಮುಂಚೆ ಇಲ್ಲಿ ಕಂಡಿದ್ದೆಯಾ?”

“ಇಲ್ಲ ಸಾ. ಶುಕ್ರವಾರವೇ ಮೊದ್ಲು. ರಾತ್ರಿ ವತ್ತು ನಾನು ರೆಕ್ಕೆ ಕೆಳ್ಗೇ ಮನೀಕತೀನಿ. ಒಂದು ನಾಯಿನೂ ಬುಡಾಕಿಲ್ಲ.”

“‘ಬೀಳ್ತದೆ’ ಅನ್ನೋಕೆ ಮುಂಚೆ ಏನಂದ?”

ಕುಳ್ಳಯ್ಯ ತಲೆ ಕೆರೆದುಕೊಂಡ. “ಏನೋ ಅಂದ ಸಾ. ಕೈ ಬೇರೆ ಬೀಸ್ತಿದ್ದ. ಅಷ್ಟ್ರಲ್ಲಿ ಇಂಜಿನ್ ಸುರುವಾಯ್ತು. ಕೇಳ್ನಿಲ್ಲ.”

“ಈ ವಾರ ಯಾವ ಮದ್ದು ಹೊಡೆದರು?”

“ಸೋಮವಾರ, ಮಂಗಳವಾರ ಅಸಿರು ಮದ್ದು. ಡ್ರಮ್ಮು ತೀರೋಯ್ತು. ಬುಧವಾರದಿಂದ ಬಿಳೀದು.”

ಆ ಪ್ರಶ್ನೆ ಯಾಕೆಂದು ಯಾರಿಗೂ ತಿಳಿಯಲಿಲ್ಲ.

ಠಾಣೆಯ ಕೋಣೆಯಲ್ಲಿ ಗುಂಡ ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂತಿದ್ದ. ತಿಂಡಿ ಮುಟ್ಟಿರಲಿಲ್ಲ. ಸಿದ್ದಮಲ್ಲಪ್ಪ ಅವನೆದುರು ನೆಲದ ಮೇಲೇ ಕೂತರು.

“ಯಾಕೆ ಬಂದಿದ್ದೆ ಗುಂಡ?”

“ಕಾಡಂಚಿಗೆ ಮದ್ದು ಬುಡಬ್ಯಾಡಿ ಅಂತ ಕೇಳಾಕೆ ಸಾಮಿ. ಜೇನುಳ ರಾಶಿ ರಾಶಿ ಬಿದ್ದವೆ.”

“ಬಾಲದ ಹತ್ತಿರ ಯಾಕೆ ನಿಂತೆ?”

“ಗಾಳಿ ಬೀಸ್ತಿತ್ತು. ಬಾಲ ಅಲ್ಲಾಡಿ ಕಟಕಟ ಅಂತಿತ್ತು. ಅದ್ರ ಜೊತೇದು ಅಲ್ಲೇ ನಿಂತಿತ್ತಲ್ಲ, ಇನ್ನೊಂದು ಇಮಾನ? ಅದು ಕಟಕಟ ಅಂತಿರ್ನಿಲ್ಲ. ಇದೊಂದೇ. ನಾವು ಮರ ಹತ್ತೋರು ಸಾಮಿ, ಸಡ್ಲ ಯಾವ್ದು ಗಟ್ಟಿ ಯಾವ್ದು ಕಿವೀಗೇ ಗೊತ್ತಾಯ್ತದೆ. ‘ಬಾಲ ಸಡ್ಲ ಆಗದೆ, ಬೀಳ್ತದೆ’ ಅಂದೆ. ಇಮಾನದ ಇಂದೇನೇ ಓಡ್ದೆ. ಅದ್ನ ಓಡ್ಸೋರು ತಿರುಗಿ ನೋಡ್ನಿಲ್ಲ.”

ಸಬ್‌ಇನ್ಸ್‌ಪೆಕ್ಟರ್ ಬಾಗಿಲಲ್ಲಿ ನಿಂತು ನಕ್ಕರು. “ಈಗ ಹೀಗೆ ಹೇಳದೆ ಇನ್ನು ಹೇಗೆ ಹೇಳ್ತಾನೆ ಸಾರ್?”

“ಇವನ ಮಾತು ಬೇಡ ಬಿಡಿ. ನನಗೆ ವಿಮಾನದ ಲಾಗ್ ಬುಕ್ ತರಿಸಿ.”

ಪುಸ್ತಕ ಅಚ್ಚುಕಟ್ಟಾಗಿತ್ತು. ಆಗಸ್ಟ್ ಒಂದು, ಭಾನುವಾರ: ಬಾಲದ ಬೋಲ್ಟ್ ಬದಲಾವಣೆ. ಮೊದಲ ತಪಾಸಣೆ—ನಂಜಣ್ಣ. ಎರಡನೆಯ ತಪಾಸಣೆ—ಮಾದೇವ. ಅದೇ ದಿನಾಂಕ. ನಿಯಮ ಇರುವುದೇ ಹಾಗೆ. ವಿಮಾನದ ದಿಕ್ಕು ತಿರುಗಿಸುವ, ಮೂಗು ಏರಿಸಿ ಇಳಿಸುವ ಯಾವ ಭಾಗ ಬಿಚ್ಚಿದರೂ ಇಬ್ಬರು ಬೇರೆಬೇರೆಯಾಗಿ ಕಣ್ಣಿಂದ ನೋಡಿ ಸಹಿ ಹಾಕಬೇಕು. ಒಬ್ಬನಿಗೆ ತಪ್ಪಿದ್ದು ಇನ್ನೊಬ್ಬನಿಗೆ ಕಾಣಲಿ ಅಂತ. ಇಲ್ಲಿ ಎರಡು ಸಹಿಯೂ ಇದ್ದವು. ಇಬ್ಬರೂ ನಿಜವಾಗಿ ನೋಡಿದ್ದರಾ? ಸಿದ್ದಮಲ್ಲಪ್ಪ ಮಾದೇವನ ಸಹಿಯ ದಿನಾಂಕವನ್ನು ಬರೆದುಕೊಂಡರು.

ಮರುದಿನ ಅವರು ಸಾಲಿಗ್ರಾಮಕ್ಕೆ ಹೋದರು. ಮಾದೇವನ ಹೆಂಡತಿ ಮಂಗಳಗೌರಿ ಜಗಲಿಯ ಕಂಬ ಹಿಡಿದು ನಿಂತಿದ್ದಳು. ಒಳಗೆ ಹೆಂಗಸರ ಅಳು.

“ಕೇಳಬಾರದ ಹೊತ್ತಲ್ಲಿ ಕೇಳ್ತಿದ್ದೀನಿ ಅಮ್ಮಾ. ಹಿಂದಿನ ಭಾನುವಾರ ನಿಮ್ಮ ಯಜಮಾನರು ಎಲ್ಲಿದ್ದರು?”

“ಇಲ್ಲೇ ಇದ್ರು. ಮಗಳಿಗೆ ಕಿವಿ ಚುಚ್ಚಿಸಿದ್ವಿ. ಶನಿವಾರ ಸಂಜೆ ಬಂದೋರು ಸೋಮವಾರ ಮೊದಲ ಬಸ್ಸಿಗೇ ಹೋಗಿದ್ದು.”

“ಮಧ್ಯದಲ್ಲಿ ಪಿರಿಯಾಪಟ್ಟಣಕ್ಕೆ ಹೋಗಿ ಬಂದರಾ?”

“ಇಲ್ಲ. ಯಾಕೆ?” ಅವಳು ಅವರ ಮುಖ ನೋಡಿದಳು. “ಯಾಕೆ ಸಾರ್?”

“ಆ ದಿನ ಅವರು ವಿಮಾನ ಪರೀಕ್ಷೆ ಮಾಡಿದರು ಅಂತ ಪುಸ್ತಕದಲ್ಲಿ ಅವರ ಸಹಿ ಇದೆ.”

ಮಂಗಳಗೌರಿ ಕಂಬ ಬಿಟ್ಟು ಮೆಲ್ಲನೆ ಕೆಳಗೆ ಕೂತಳು. “ನಾನು ಈ ಮಾತು ಹೇಳದೇ ಇದ್ದಿದ್ರೆ?”

“ಠಾಣೆಯಲ್ಲಿ ಒಬ್ಬ ಕೂತಿದ್ದಾನೆ ಅಮ್ಮಾ. ಅವನಿಗೂ ಮನೆ ಇದೆ.”



ಸೋಮವಾರ ಶೆಡ್ಡಿನಲ್ಲಿ ಸಿದ್ದಮಲ್ಲಪ್ಪ ಮೇಜಿನ ಮೇಲೆ ಕಾಗದ ಬಿಚ್ಚಿ ಬೋಲ್ಟನ್ನಿಟ್ಟರು. ಸಬ್‌ಇನ್ಸ್‌ಪೆಕ್ಟರ್, ನಂಜಣ್ಣ, ಕುಳ್ಳಯ್ಯ—ಮೂವರೂ ಬಗ್ಗಿದರು.

“ತೂತಿನೊಳಗೆ ನೋಡಿ. ಏನು ಕಾಣುತ್ತೆ?”

“ಬಿಳೀ ಮದ್ದು ಒಣಗಿದೆ,” ಎಂದರು ಸಬ್‌ಇನ್ಸ್‌ಪೆಕ್ಟರ್.

“ಅದರ ಅಡಿಯಲ್ಲಿ?”

ಸಬ್‌ಇನ್ಸ್‌ಪೆಕ್ಟರ್ ಭೂತಗನ್ನಡಿ ಇನ್ನಷ್ಟು ಹತ್ತಿರ ತಂದರು. “ಹಸಿರು... ಹಸಿರು ಇದೆ.”

“ಹಸಿರು ಮದ್ದು ಹೊಡೆದದ್ದು ಸೋಮವಾರ, ಮಂಗಳವಾರ. ಪಿನ್ ಇದ್ದಿದ್ದರೆ ತೂತು ತುಂಬಿರುತ್ತಿತ್ತು, ಮದ್ದು ಒಳಗೆ ಹೋಗುತ್ತಿರಲಿಲ್ಲ. ಶುಕ್ರವಾರ ಯಾರಾದರೂ ಪಿನ್ ಕಿತ್ತಿದ್ದರೆ ತೂತು ಚೊಕ್ಕಟವಾಗಿರಬೇಕಿತ್ತು, ಕಿತ್ತ ಗೀರಾದರೂ ಇರಬೇಕಿತ್ತು. ಎರಡೂ ಇಲ್ಲ. ಅಂದರೆ ಸೋಮವಾರ, ಮಂಗಳವಾರವೇ ಅಲ್ಲಿ ಪಿನ್ ಇರಲಿಲ್ಲ. ಗುಂಡ ಬಂದದ್ದು ಶುಕ್ರವಾರ. ರಾತ್ರಿ ಇಲ್ಲಿ ಯಾರೂ ಸುಳಿದಿಲ್ಲ.” ಅವರು ತಿರುಗಿದರು. “ಆ ಪಿನ್ ಯಾರೂ ಕೀಳಲಿಲ್ಲ. ಹಾಕಿರಲೇ ಇಲ್ಲ. ಅಲ್ಲವಾ ನಂಜಣ್ಣ?”

ತಗಡಿನ ಮೇಲೆ ತುಂತುರು ಮಳೆ ಸದ್ದು ಮಾಡಿತು.

“ಮಾದೇವ ನೋಡಿ ಸಹಿ ಹಾಕಿದ್ದಾನೆ ಸಾರ್.”

“ಭಾನುವಾರ ಮಾದೇವ ಸಾಲಿಗ್ರಾಮದಲ್ಲಿದ್ದರು. ಅವರ ಹೆಂಡತಿಯೇ ಹೇಳಿದ್ದಾರೆ.”

ನಂಜಣ್ಣ ಕುರ್ಚಿ ಹುಡುಕಿ ಕೂತ.

“ಆ ಅಳತೆಯ ಪಿನ್ ಡಬ್ಬಿಯಲ್ಲಿ ಇರಲಿಲ್ಲ. ಬೆಂಗಳೂರಿಗೆ ಹೇಳಿ ಕಳಿಸಿದ್ದೆ. ಸೋಮವಾರ ವಿಮಾನ ಏಳದಿದ್ದರೆ ರೈತರು ಗಲಾಟೆ ಮಾಡ್ತಿದ್ರು. ನಟ್ ಬಿಗಿಯಾಗಿದೆ, ಎರಡು ದಿನ ತಡೆಯುತ್ತೆ ಅಂದ್ಕೊಂಡು ಪುಸ್ತಕದಲ್ಲಿ ಬರೆದುಬಿಟ್ಟೆ. ಸೋಮವಾರ ಇಂಜಿನ್ ಓಡುತ್ತಿದ್ದಾಗಲೇ ಮಾದೇವನ ಕೈಗೆ ಪುಸ್ತಕ ಕೊಟ್ಟೆ. ‘ನೀವು ನೋಡಿದ್ದೀರಲ್ಲ ಅಣ್ಣಾ’ ಅಂದ. ಭಾನುವಾರದ ತಾರೀಖಿಗೇ ಸಹಿ ಹಾಕಿದ.”

“ಪಿನ್ ಯಾವಾಗ ಬಂತು?”

“ಬುಧವಾರ.” ಧ್ವನಿ ಒಡೆಯಿತು. “ಮರೆತೆ ಸಾರ್. ಪುಸ್ತಕದಲ್ಲಿ ‘ಆಯಿತು’ ಅಂತ ಇತ್ತಲ್ಲ, ಮತ್ತೆ ಆ ಕಡೆ ಕಣ್ಣೇ ಹೋಗಲಿಲ್ಲ.”

“ಅದು ಮರೆವು ಅಂತಲೇ ಇರಲಿ. ಗುಂಡನನ್ನ ಹಿಡಿದಾಗ?”

ನಂಜಣ್ಣ ಮುಖ ತಿರುಗಿಸಿದ.

“‘ಯಾರೋ ಕಿತ್ತಿದ್ದಾರೆ’ ಅಂದವರು ನೀವು. ಮೂರು ದಿನ ಅವನು ಅಲ್ಲಿ ಕೂತಿದ್ದಾಗ ನಿಮಗೆ ಮರೆವು ಇರಲಿಲ್ಲ, ನಂಜಣ್ಣ.”

ಮಧ್ಯಾಹ್ನ ಗುಂಡನನ್ನು ಬಿಟ್ಟರು. ಸಿದ್ದಮಲ್ಲಪ್ಪ ಜೀಪಿನಲ್ಲಿ ಬಿಡುತ್ತೇನೆಂದರೂ ಒಪ್ಪಲಿಲ್ಲ. “ನಡ್ಕೊಂಡೇ ಓಯ್ತೀನಿ ಸಾಮಿ,” ಎಂದವನು ನಾಲ್ಕು ಹೆಜ್ಜೆ ಹೋಗಿ ನಿಂತ. “ನಾನು ಇನ್ನೂ ಜೋರಾಗಿ ಕೂಗ್ಬೇಕಿತ್ತು.” ಹಾಗೆ ಅನ್ನಬೇಡ ಎಂದು ಹೇಳುವಷ್ಟರಲ್ಲಿ ಹೊರಟುಬಿಟ್ಟಿದ್ದ.

ಎರಡನೆಯ ವಿಮಾನಕ್ಕೂ ಸಿದ್ದಮಲ್ಲಪ್ಪ ಬೀಗ ಜಡಿಸಿದರು. ಒಂದೊಂದು ಬೋಲ್ಟನ್ನೂ ಹೊರಗಿನವರು ಬಂದು ನೋಡುವವರೆಗೆ ಅದು ಏಳುವ ಹಾಗಿಲ್ಲ.

ವರದಿ ಕಳಿಸುವ ಮುನ್ನ ಅವರು ಮತ್ತೊಮ್ಮೆ ಸಾಲಿಗ್ರಾಮಕ್ಕೆ ಹೋದರು. ಪತ್ರಿಕೆಯಲ್ಲಿ ಓದಿ ತಿಳಿಯುವುದಕ್ಕಿಂತ ತಾವೇ ಹೇಳುವುದು ಮೇಲೆನಿಸಿತ್ತು.

“ಅವರ ಹೆಸರೂ ಬರೆದಿದ್ದೀರಾ?” ಕೇಳಿದಳು ಮಂಗಳಗೌರಿ.

“ಬರೆಯಲೇಬೇಕಿತ್ತು ಅಮ್ಮಾ. ಮೊದಲ ತಪ್ಪು ನಂಜಣ್ಣನದು. ನೋಡದೆ ಸಹಿ ಹಾಕಿದ ತಪ್ಪು ಇವರದು.”

“ನೀವು ಬರೆದ ಆ ಪುಟ ಕೊಡಿ.”

ಅವಳು ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಒಂದು ಕಡೆ ಬೆರಳು ನಿಂತಿತು. ಕಣ್ಣು ಒರೆಸಿಕೊಂಡಳು.

“ಬರೀ ಮಾದೇವ ಅಂತಿದೆ. ಎಸ್. ಸಿ. ಮಾದೇವ ಅಂತ ಪೂರ್ತಿ ಬರೀರಿ ಸಾರ್. ಆ ಹೆಸರಿನೋರು ಊರಿಗೆ ಹತ್ತು ಜನ ಇದ್ದಾರೆ. ಬೇರೆ ಯಾರ ಮೇಲೂ ಬರಬಾರದು.”

ಸಿದ್ದಮಲ್ಲಪ್ಪ ಪೆನ್ನಿನ ಮುಚ್ಚಳ ತೆಗೆದರು.