ಎಣ್ಣೆ ಬಿಟ್ಟ ಬೀಗ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಹಲ್ಲಿನ ಡಾಕ್ಟರು ಠಾಣೆಗೆ ಬಂದು ದೂರು ಕೊಟ್ಟರು. ರಜೆಯ ದಿನ ಯಾರೋ ಕ್ಲಿನಿಕ್ಕಿಗೆ ನುಗ್ಗಿ ಕಪಾಟು ತಡಕಾಡಿದ್ದಾರೆ. ಏನು ಹೋಗಿದೆ ಎಂದು ಕೇಳಿದರೆ ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. ಇನ್‌ಸ್ಪೆಕ್ಟರು ಎಫ್‌ಐಆರ್ ಹಾಕಿಸಿ, ದಫೇದಾರನನ್ನು ಕರೆದುಕೊಂಡು ಹೊರಟರು.

ದಫೇದಾರನಿಗೆ ಹಲ್ಲಿನ ಡಾಕ್ಟರೆಂದರೆ ಚಿಕ್ಕಂದಿನಿಂದ ಜೀವಭಯ. ಪಂಚರಿಬ್ಬರನ್ನು ಒಳಗೆ ಕಳಿಸಿ, ಬೀಗ ಪರೀಕ್ಷಿಸುವ ನೆಪ ಮಾಡಿಕೊಂಡು ಬಾಗಿಲಲ್ಲೇ ನಿಂತ. ಬೀಗ ಒಡೆದಿರಲಿಲ್ಲ, ಒಂದು ಗೀರೂ ಬಿದ್ದಿರಲಿಲ್ಲ. ಅದು ಮಹಾ ಹಟಮಾರಿ ಬೀಗವೆಂದೂ, ದಿನಾ ಗುದ್ದಾಡದೆ ತೆರೆಯುತ್ತಿರಲಿಲ್ಲವೆಂದೂ, ಇವತ್ತು ಮಾತ್ರ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತೆಂದೂ ನರ್ಸಮ್ಮ ಹೇಳಿದಳು. ದಫೇದಾರ ಬೆರಳಿಟ್ಟು ನೋಡಿದ. ಹೊಸ ಎಣ್ಣೆ.

"ಕಳ್ಳ ಬೀಗಾನ ಸರ್ವೀಸ್ ಮಾಡಿ ಹೋಗಿದಾನೆ ಸಾರ್," ಎಂದ.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಕಳ್ಳತನಕ್ಕೆ ಬಂದಾಗಲೂ ಬಿಗಿಯಾದ ಬೀಗವನ್ನು ಹಾಗೇ ಬಿಟ್ಟು ಹೋಗಲಾರದವನು ಬೀಗ ರಿಪೇರಿಯವನಲ್ಲದೆ ಇನ್ಯಾರು?

ಒಳಗೆ ಗಲ್ಲಾಪೆಟ್ಟಿಗೆ ಮುಟ್ಟಿರಲಿಲ್ಲ. ಕಪಾಟಿನಲ್ಲಿ ರೋಗಿಗಳ ದವಡೆಯ ಪ್ಲಾಸ್ಟರ್ ಅಚ್ಚುಗಳು ಸಾಲಾಗಿ ಕೂತಿದ್ದವು. ನಡುವೆ ಅಂಗೈಯಗಲದ ಜಾಗದಲ್ಲಿ ಮಾತ್ರ ಧೂಳಿರಲಿಲ್ಲ. ಅಲ್ಲಿ ಏನಿತ್ತೆಂದು ನೆನಪಿಲ್ಲ ಎಂದರು ಡಾಕ್ಟರು. ನರ್ಸಮ್ಮ ನೆಲ ನೋಡಿದಳು. ಇನ್‌ಸ್ಪೆಕ್ಟರು ಅವಳ ಕಡೆ ತಿರುಗಿದರು.

"ಯಾರದ್ದು?"

"ಬೀಗದಂಗಡಿಯವರ ಹೆಂಡತೀದು ಸಾರ್. ಎರಡು ವರ್ಷ ಆಯ್ತು."

ಮಿಕ್ಕದ್ದು ಅವಳ ಹೇಳಿಕೆಯಲ್ಲಿ ಬಂತು. ಡಾಕ್ಟರು ಆ ಹೆಂಗಸಿನ ಮೇಲಿನ ಹಲ್ಲನ್ನೆಲ್ಲ ಕಿತ್ತು, ಹೊಸ ಸೆಟ್ಟಿಗೆ ಅಳತೆಯ ಅಚ್ಚು ತೆಗೆದು, ಆಮೇಲೆ 'ಮುಂದಿನ ವಾರ ಬನ್ನಿ' ಎಂದು ಗಂಡಹೆಂಡಿರ ಚಪ್ಪಲಿ ಸವೆಸಿದ್ದರು. ಅವರು ಗ್ರಾಹಕರ ಕೋರ್ಟಿಗೆ ಹೋದಾಗ, ತಾನು ಹಲ್ಲು ಕಿತ್ತದ್ದಷ್ಟೇ, ಸೆಟ್ಟಿನ ಕೆಲಸ ಒಪ್ಪಿಕೊಂಡೇ ಇರಲಿಲ್ಲ ಎಂದು ಬರೆದುಕೊಟ್ಟು ಕೈ ತೊಳೆದುಕೊಂಡಿದ್ದರು. ಎಲ್ಲವನ್ನೂ ಪಂಚನಾಮೆಗೆ ಸೇರಿಸಿ, ಧೂಳಿನ ಗುರುತಿನ ಫೋಟೊ ತೆಗೆಸಿದ್ದಾಯಿತು. ಡಾಕ್ಟರು ದೂರು ವಾಪಸು ಪಡೆಯುವ ಮಾತೆತ್ತಿದರು. ಆಗುವುದಿಲ್ಲ ಎಂದರು ಇನ್‌ಸ್ಪೆಕ್ಟರು.

ಬೀಗದಂಗಡಿ ಎರಡು ಬೀದಿ ಆಚೆ, ಹಿಂದೆಯೇ ಮನೆ. ಅರದ ಪುಡಿ ಮೆತ್ತಿದ ಕೈಯಲ್ಲಿ ಅವನು ಕೀಲಿ ಉಜ್ಜುತ್ತಿದ್ದ.

"ನಿನ್ನೆ ಎಲ್ಲಿದ್ದೆ?"

ಅವನು ಸುಳ್ಳು ಹೇಳುವ ಗೋಜಿಗೇ ಹೋಗಲಿಲ್ಲ. ಟವೆಲಿನಲ್ಲಿ ಸುತ್ತಿದ್ದ ಅಚ್ಚನ್ನು ತೆಗೆದು ಮೇಜಿನ ಮೇಲಿಟ್ಟ. ಬುಡದಲ್ಲಿ ಹೆಂಡತಿಯ ಹೆಸರಿತ್ತು. ವಾಯಿದೆಯ ದಿನ ಕೋರ್ಟಿಗೆ ತೋರಿಸಬೇಕೆಂದಿದ್ದನಂತೆ.

"ಕೋರ್ಟಿಗೇ ಹೇಳಿದ್ರೆ ಅವರೇ ತರಿಸ್ತಿದ್ರಲ್ಲಪ್ಪ," ಎಂದರು ಇನ್‌ಸ್ಪೆಕ್ಟರು.

"ಹೌದಾ?" ಎಂದವನು ಸ್ಟೂಲಿನ ಮೇಲೆ ಕೂತ.

ದಫೇದಾರನಿಗೆ ಆ ಎಣ್ಣೆ ತನ್ನ ಬೆರಳಿಗೆ ತಾಗದೇ ಹೋಗಿದ್ದರೆ ಎನಿಸಿತು. ಅಚ್ಚನ್ನು ಜಪ್ತಿ ಮಾಡಿ ಅರಗಿನ ಮೊಹರು ಒತ್ತುವವನೂ ತಾನೇ. ಇನ್‌ಸ್ಪೆಕ್ಟರು ಬುಡದ ಹೆಸರನ್ನು ಅಕ್ಷರ ಬಿಡದೆ ಬರೆಸಿದರು. ಕಳ್ಳತನದ ಕೇಸಂತೂ ತಪ್ಪುವುದಿಲ್ಲ, ಆದರೆ ಈ ಪಂಚನಾಮೆಯ ನಕಲು ಗ್ರಾಹಕರ ಕೋರ್ಟಿನಲ್ಲಿ ಕೆಲಸಕ್ಕೆ ಬರುತ್ತದೆ ಎಂದು ತಿಳಿಸಿ ಹೇಳಿದರು. ಅವನ ಗಮನ ಅಲ್ಲಿರಲಿಲ್ಲ.

"ನೋವು ತಡ್ಕೋತೀನಿ, ಕೀಳ್ಸೋದು ಬೇಡ ಅಂದಿದ್ಲು ಸಾರ್. ಕೈ ಹಿಡ್ಕೊಂಡು ಕರ್ಕೊಂಡ್ ಹೋದೋನು ನಾನು. ಎರಡು ವರ್ಷದಿಂದ ಗೋಡೆ ಕಡೆ ತಿರುಗಿ ಉಣ್ತಾಳೆ. ನನ್ನ ಎದುರಿಗೆ ಒಂದು ತುತ್ತು ತಿಂದಿಲ್ಲ."

ದಸ್ತಗಿರಿಯ ಕಾಗದಕ್ಕೆ ರುಜು ಹಾಕಿಸಿಕೊಂಡ ಮೇಲೆ ಇನ್‌ಸ್ಪೆಕ್ಟರು, ಊಟ ಆಯ್ತಾ ಎಂದು ಕೇಳಿದರು. ಆಗಿರಲಿಲ್ಲ. ಒಳಗಿನಿಂದ ಹೆಂಡತಿ ಎರಡು ತಟ್ಟೆ ತಂದು ನೆಲದ ಮೇಲಿಟ್ಟಳು. ಗಂಡನ ಎದುರಿಗೇ ಕೂತು, ಪೊಲೀಸರಿದ್ದಾರೆಂದೂ ನೋಡದೆ, ಬಾಯಿಗೆ ಅಡ್ಡ ಬಂದ ಕೈಯನ್ನು ತೆಗೆದು ವಸಡಿನಲ್ಲೇ ನಿಧಾನವಾಗಿ ಅಗಿಯತೊಡಗಿದಳು. ಅವನು ಕೈಗೆತ್ತಿಕೊಂಡ ತುತ್ತು ಬಾಯಿಗೆ ಹೋಗಲಿಲ್ಲ.

"ಉಣ್ಣಿ," ಎಂದಳು. "ನಾನೂ ಉಣ್ತಿದೀನಲ್ಲ."

ಅವರ ಊಟ ಮುಗಿಯುವವರೆಗೆ ದಫೇದಾರ ಹೊರಗೆ ಹೋಗಿ ಜೀಪಿನ ಹತ್ತಿರ ನಿಂತಿದ್ದ.