ಮುಂದೆ ಸರಿಯುವ ಸೀಟು

ಹಳೇ ರೇಸ್ ಕಾರೊಂದರ ಚಂದಕ್ಕೆ ಮರುಳಾಗಿ, ಅದರ ತದ್ರೂಪನ್ನು ಮನೆಯ ಶೆಡ್ಡಿನಲ್ಲೇ ಕಟ್ಟಲು ಹೊರಟವನು ನಾನು. ಎಂಜಿನ್ ಇನ್ನೂ ಕೂರಿಸಿಲ್ಲ. ಆದರೂ ದಿನಾ ಬೆಳಿಗ್ಗೆ ಡ್ರೈವರ್ ಸೀಟು ಮುಂದಕ್ಕೆ ಸರಿದಿರುತ್ತಿತ್ತು. ಕೂರಲು ಹೋದರೆ ಮೊಣಕಾಲು ಸ್ಟೀರಿಂಗಿಗೆ ಬಡಿದು ಜೀವ ಹೋಗುತ್ತಿತ್ತು. ಸೀಟು ಬೆಚ್ಚಗೆ ಬೇರೆ ಇರುತ್ತಿತ್ತು.

"ಯಾರೇ ಅದರಲ್ಲಿ ಕೂತಿದ್ದು?" ಎಂದು ಹೆಂಡತಿಯ ಮೇಲೆ ರೇಗಿದೆ.

"ಆ ಡಬ್ಬದಲ್ಲಿ ಕೂರೋಕೆ ನನಗೇನು ತಲೆ ಕೆಟ್ಟಿದ್ಯಾ? ಶೆಡ್ಡಿನ ಬೀಗದ ಕೈ ನಿಮ್ಮ ಜೇಬಲ್ಲೇ ಇದ್ಯಲ್ಲ!"

ಸಾಕಾಗಿಹೋಗಿ, ಸೀಟನ್ನು ಹಿಂದಕ್ಕೆ ತಳ್ಳಿ ತಳಕ್ಕೇ ವೆಲ್ಡ್ ಮಾಡಿಬಿಟ್ಟೆ. "ಈಗ ಸರಿಸು, ನೋಡೋಣ" ಎಂದು ಖಾಲಿ ಶೆಡ್ಡಿಗೆ ಸವಾಲನ್ನೂ ಹಾಕಿದೆ.

ಮರುದಿನ ಸೀಟು ಕದಲಿರಲಿಲ್ಲ. ಕಾಲು ಎಟುಕದವರು ಮಾಡಿಕೊಳ್ಳುವಂತೆ ಯಾರೋ ಪೆಡಲ್‌ಗಳಿಗೆ ಮರದ ತುಂಡು ಕಟ್ಟಿದ್ದರು. ಕ್ಲಚ್ಚಿಗೊಂದು, ಆಕ್ಸಿಲರೇಟರಿಗೊಂದು.

ಬ್ರೇಕಿಗೆ ಮಾತ್ರ ಏನೂ ಕಟ್ಟಿರಲಿಲ್ಲ.